ಜಾಜ್ ಧ್ವನಿಮುದ್ರಿಕೆಗಳ ಸಂಗ್ರಹ ಮತ್ತು ಪಾಠಶೋಧನೆ

ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕೂಡಿಡುವುದು ಬಿಡುವುಳ್ಳವರ ವಿನೋದವೆಂದು ಭಾವಿಸುವವರು ಹಲವರು. ಅಮೆರಿಕದ ಕರಿಯ ಜನರ ನಡುವೆ ಹುಟ್ಟಿ ಬೆಳೆದ ಜಾಜ್ ಸಂಗೀತದ ವಿಷಯದಲ್ಲಿ ಈ ಭಾವನೆ ಸರಿಯಲ್ಲ. ಐರೋಪ್ಯ ಶಾಸ್ತ್ರೀಯ ಸಂಗೀತದಲ್ಲಿ ವಾಗ್ಗೇಯಕಾರನ ಕೃತಿ ಸ್ವರಲಿಪಿಯಲ್ಲಿ ಉಳಿಯುತ್ತದೆ. ಒಬ್ಬ ವಾದಕನ ನುಡಿಸಾಣಿಕೆ ಅಳಿದರೂ ಕೃತಿ ಅಳಿಯದು. ಜಾಜಿನಲ್ಲಿ ಹಾಗಲ್ಲ. ಅಲ್ಲಿ ಹಾಡಿನ ಮಟ್ಟು ನೆಪಮಾತ್ರ. ಅದರ ಮೇಲೆ ವಾದಕನು ಆ ಹೊತ್ತಿಗೆ ಹೆಣೆಯುವ ಕಲ್ಪನೆಯೇ ಸಾರ. ನಮ್ಮ ಆಲಾಪನೆ, ಕಲ್ಪನಾಸ್ವರಗಳನ್ನು ಬಲ್ಲವರಿಗೆ ಈ ಮನೋಧರ್ಮ ಸಂಗೀತದ ರೀತಿ ಹೊಸದೇನಲ್ಲ. ಅಂದು ನುಡಿಸಿದ್ದು ತಟ್ಟೆಗೆ ಇಳಿಯದಿದ್ದರೆ ಅದಕ್ಕೆ ಬೇರೆ ಆಧಾರವೇ ಇಲ್ಲ. ಆದುದರಿಂದ ಜಾಜಿನಲ್ಲಿ ಧ್ವನಿಮುದ್ರಿಕೆಯೇ ಮೂಲಗ್ರಂಥ. ಸಂಗ್ರಾಹಕನ ಕೆಲಸ ಒಂದು ಬಗೆಯ ಗ್ರಂಥಸಂಪಾದನೆ.

ಈ ಗ್ರಂಥಗಳ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬಹುದು. ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ ಎಂಬ ಬಿಳಿಯ ವಾದಕರ ಮೇಳ ೧೯೧೭ರ ಫೆಬ್ರವರಿ ೨೬ರಂದು ವಿಕ್ಟರ್ ಸಂಸ್ಥೆಗಾಗಿ ನುಡಿಸಿದ ತಟ್ಟೆಯನ್ನು ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಕಿಂಗ್ ಆಲಿವರನ ಮೇಳದಲ್ಲಿ ತರುಣ ಲೂಯಿ ಆರ್ಮ್‌ಸ್ಟ್ರಾಂಗ್ ಮೊದಲಬಾರಿಗೆ ಧ್ವನಿಮುದ್ರಣಕ್ಕೆ ನುಡಿಸಿದ್ದು ೧೯೨೩ರ ಏಪ್ರಿಲಿನಲ್ಲಿ, ಇಂಡಿಯಾನಾ ಪ್ರಾಂತದ ರಿಚ್ಮಂಡ್ ಊರಿನಲ್ಲಿ. ಆ ಕಾಲದ ತಟ್ಟೆ ನಿಮಿಷಕ್ಕೆ ೭೮ ಸುತ್ತು ತಿರುಗುತ್ತಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದು ಕಷ್ಟ. ಅದನ್ನು ಮಾಡುತ್ತಿದ್ದುದು ಅರಗಿನ ಮಿಶ್ರಣದಿಂದ. ಆ ಅರಗು ಬಹುಮಟ್ಟಿಗೆ ಹೋಗುತ್ತಿದ್ದುದು ನಮ್ಮ ದೇಶದಿಂದ, ಮುಖ್ಯವಾಗಿ ಛೋಟಾನಾಗಪುರದ ಕಾಡುಗಳಿಂದ, ಎಂಬುದನ್ನು ನೆನೆಯಬೇಕು. ಯುದ್ಧದ ದೆಸೆಯಿಂದ ೧೯೪೨ರಲ್ಲಿ ಅಮೆರಿಕದ ಸರಕಾರ ಅರಗಿನ ಬಳಕೆಗೆ ಮಿತಿ ಹಾಕಿತು. ಅದೇ ವರ್ಷದ ಆಗಸ್ಟಿನಿಂದ ಅಲ್ಲಿಯ ವಾದಕರ ಸಂಘ ಧ್ವನಿಮುದ್ರಣವನ್ನು ಬಹಿಷ್ಕರಿಸಿತು; ದೊಡ್ಡ ಸಂಸ್ಥೆಗಳೊಡನೆ ಒಪ್ಪಂದ ಪೂರ್ಣವಾದದ್ದು ೧೯೪೪ರ ನವೆಂಬರಿನಲ್ಲಿ. ಬೀಬಾಪ್ ಎಂಬ ಹೊಸ ಶೈಲಿ ನ್ಯೂಯಾರ್ಕಿನಲ್ಲಿ ರೂಪುಗೊಂಡದ್ದು ಈ ಅವಧಿಯಲ್ಲಿಯೇ. ಅದರ ಬಾಲ್ಯದ ಬಹುಭಾಗಕ್ಕೆ ಇಂದು ಸಾಕ್ಷ್ಯವಿಲ್ಲ. ಗ್ರಂಥದ ನಡುವಣ ಗರಿಗಳು ಕಳೆದುಹೋದಂತಾಗಿದೆ.

೧೯೪೮ರ ಜೂನಿನಲ್ಲಿ ಕೊಲಂಬಿಯ ಸಂಸ್ಥೆ ವಿನೈಲಿನ ದೀರ್ಘಾವಧಿ ತಟ್ಟೆಯನ್ನು, ಎಂದರೆ ಎಲ್.ಪಿ.ಯನ್ನು, ಹೊರತಂದಿತು. ನಿಮಿಷಕ್ಕೆ ೩೩ ೧/೩ ಸುತ್ತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೇಲೆ. ವಾದಕನಿಗೆ ವಿಸ್ತಾರಕ್ಕೆ ಎಡೆ ದೊರೆಯಿತು. ಹಳೆಯ ಅರಗಿನ ತಟ್ಟೆಗಳ ಸಂಗೀತವೂ ಎಲ್.ಪಿ.ಗೆ ಪ್ರತಿಯಾಗತೊಡಗಿತು. ಪ್ರತಿಯಾದಲ್ಲಿ ಪಾಠಾಂತರ ಇದ್ದೇ ಇರುತ್ತದೆ. ಚಾರ್ಲಿ ಪಾರ್ಕರ್ ೧೯೪೫ರ ನವೆಂಬರ್ ೨೬ರಂದು ಸೆವಾಯ್ ಸಂಸ್ಥೆಗಾಗಿ ಒಂದೇ ರಚನೆಯನ್ನು ಹಲವು ಬಾರಿ ನುಡಿಸಿದನು. ಪ್ರತಿಬಾರಿಯೂ ಕಲ್ಪನೆ ಬೇರೆ. ಮೊದಲು ಮಾರಾಟಕ್ಕೆ ಬಂದದ್ದು ಒಂದು ಪಾಠ. ಉಳಿದವು ಅನಂತರ ಎಲ್.ಪಿ.ಗಳಲ್ಲಿ ಬೆಳಕು ಕಂಡವು. ಹೆಸರು ಒಂದೇ ಎಂದು ಎರಡನ್ನೂ ಒಂದೇ ಎಂದು ಎಣಿಸುವಂತಿಲ್ಲ.

ಹಾಗಾದರೆ ಕೈಯಲ್ಲಿರುವ ಪ್ರತಿ ಯಾವುದೆಂದು ಅರಿಯುವುದು ಹೇಗೆ? ತಟ್ಟೆಯೇ ಹೇಳುತ್ತದೆ. ಸುರುಳಿಗೆರೆ ಮುಗಿದು ನಡುವಣ ಚೀಟಿ ತೊಡಗುವ ಮುನ್ನ ಇರುವ ನುಣುಪಾದ ಪಟ್ಟಿಯಲ್ಲಿ ಕೆಲವು ಅಂಕೆ, ಅಕ್ಷರಗಳು ಕೊರೆದಿರುತ್ತವೆ. ಅವು ಶಾಸನದ ಕೊನೆಯ ಸಾಲುಗಳಿದ್ದಂತೆ. ನ್ಯೂಯಾರ್ಕಿನಲ್ಲಿ ೧೯೩೯ರಲ್ಲಿ ಸ್ಥಾಪಿತವಾದ ಬ್ಲೂ ನೋಟ್ ಸಂಸ್ಥೆಯನ್ನೇ ತೆಗೆದುಕೊಳ್ಳೋಣ. ಅದರ ೧೯೫೦ರ ದಶಕದ ಅನೇಕ ತಟ್ಟೆಗಳಲ್ಲಿ ‘ಆರ್.ವಿ.ಜಿ.’ ಎಂಬ ಅಕ್ಷರಗಳು ಕಾಣುತ್ತವೆ. ಇವು ರೂಡಿ ವಾನ್ ಗೆಲ್ಡರನ ಗುರುತು. ಆತ ಹಗಲು ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ವೃತ್ತಿಯವನು. ೧೯೫೯ರವರೆಗೆ ಧ್ವನಿಮುದ್ರಣ ನಡೆಸುತ್ತಿದ್ದುದು ಹ್ಯಾಕೆನ್ಸ್ಯಾಕಿನಲ್ಲಿದ್ದ ತಾಯಿತಂದೆಗಳ ಮನೆಯ ಹಜಾರದಲ್ಲಿ. ಕಿವಿಯಂತೆ ತೋರುವ ಇನ್ನೊಂದು ಗುರುತು ತಟ್ಟೆ ಒತ್ತಿದ ಪ್ಲಾಸ್ಟಿಲೈಟ್ ಕಾರ್ಖಾನೆಯದು. ಚೀಟಿಯ ಮೇಲಿನ ವಿಳಾಸವೂ ಸಾಕ್ಷಿ: ಲೆಕ್ಸಿಂಗ್‌ಟನ್ ಅವೆನ್ಯೂ ಎಂದಿದ್ದರೆ ಹಳೆಯದು, ೪೭ ವೆಸ್ಟ್ ೬೩ನೆಯ ಬೀದಿ ಎಂದಿದ್ದರೆ ಅದಕ್ಕಿಂತ ಈಚಿನದು. ಖಾತೆಯ ಬರಹವನ್ನು ವೋಚರಿನೊಡನೆ ತಾಳೆ ನೋಡುವಂತೆ ಚೀಟಿ, ಗುರುತು, ಹೊದಿಕೆ ಮೂರನ್ನೂ ತಾಳೆ ನೋಡಬೇಕು. ಹಳೆಯ ಹೊದಿಕೆಯಲ್ಲಿ ಹೊಸ ತಟ್ಟೆ ಇರುವುದು ಅಪೂರ್ವವೇನಲ್ಲ.

ಆದರೆ ಮೊದಲ ಮುದ್ರಣವೇ ಶುದ್ಧಪಾಠವೆಂಬ ನಂಬಿಕೆಗೆ ಒಂದು ಎಚ್ಚರಿಕೆ ಅಗತ್ಯ. ಮೈಲ್ಸ್ ಡೇವಿಸನ ‘ಕೈಂಡ್ ಆಫ್ ಬ್ಲೂ’ ಎಂಬ ಸುಪ್ರಸಿದ್ಧ ತಟ್ಟೆ ಹೊರಬಂದದ್ದು ೧೯೫೯ರ ಆಗಸ್ಟಿನಲ್ಲಿ. ಅದರ ಮೊದಲ ಮಗ್ಗುಲಿನ ಮೂರು ರಚನೆಗಳನ್ನು ನುಡಿಸಿದ್ದು ಮಾರ್ಚ್ ೨ರಂದು. ಆ ದಿನ ಮುಖ್ಯ ಟೇಪು ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಹಿಡಿದುದನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ನಡೆ ಚುರುಕಾಗಿ ಶ್ರುತಿ ಏರುವುದು ಸಹಜ. ಹೀಗೆ ಮೂವತ್ತು ವರ್ಷಕ್ಕೂ ಮೇಲೆ ಲೋಕವೆಲ್ಲ ಆ ಮೂರು ರಚನೆಗಳನ್ನು ತುಸು ಏರಿದ ಶ್ರುತಿಯಲ್ಲಿಯೇ ಕೇಳಿತು. ತಟ್ಟೆಯೊಡನೆ ನುಡಿಸಿ ಕಲಿಯಹೊರಟ ವಿದ್ಯಾರ್ಥಿಯ ವಾದ್ಯ ಅದಕ್ಕೆ ಕೂಡಲಿಲ್ಲ. ಅದೇ ದಿನ ಇನ್ನೊಂದು ಯಂತ್ರದಲ್ಲಿ ಹಿಡಿದಿಟ್ಟಿದ್ದ ಕಾಪು ಪ್ರತಿಯ ನೆರವಿನಿಂದ ದೋಷ ಪರಿಹಾರವಾದದ್ದು ೧೯೯೨ರಲ್ಲಿ. ಅತಿ ಪ್ರಾಚೀನವಾದ ಓಲೆಯಲ್ಲಿಯೂ ಲಿಪಿಕಾರನ ತಪ್ಪು ಇರಬಹುದೆಂಬುದು ಸಂಪಾದಕರಿಗೆ ತಿಳಿದ ಮಾತು. ಮೊದಲ ಮುದ್ರಣಕ್ಕೆ ಬೆಲೆ ಹೆಚ್ಚಿರಬಹುದು. ಪ್ರಾಮಾಣ್ಯವನ್ನು ಕಿವಿಯಿಂದಲೂ ತಾಳೆಯಿಂದಲೂ ನಿರ್ಣಯಿಸಬೇಕು.

ಕೇಳುವ ಕ್ರಮದಲ್ಲಿಯೂ ಜಾಗ್ರತೆ ಬೇಕು. ಅರಗಿನ ತಟ್ಟೆಯ ಗೆರೆ ಅಗಲವಾದುದು. ಅದಕ್ಕೆ ಅಂಗುಲದ ಸಾವಿರದ ಮೂರು ಪಾಲಿನಷ್ಟು ದಪ್ಪ ತುದಿಯ ಮುಳ್ಳು ಬೇಕು. ಎಲ್.ಪಿ.ಗೆ ಒಂದು ಪಾಲು ಅಥವಾ ಅದಕ್ಕೂ ಕಡಮೆ ಸಾಕು. ಒಂದರ ಮುಳ್ಳನ್ನು ಇನ್ನೊಂದಕ್ಕೆ ಬಳಸಿದರೆ ನಾದವೂ ಕೆಡುತ್ತದೆ, ಗೆರೆಯೂ ಸವೆಯುತ್ತದೆ. ಮದ್ಯಸಾರದಲ್ಲಿ ಅರಗು ಕರಗುವುದರಿಂದ ಅಂಥ ತಟ್ಟೆಗೆ ಅದನ್ನು ಸೋಕಿಸಕೂಡದು. ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿಡಬೇಕು. ಸೆಕೆಗೆ ವಿನೈಲು ಬಾಗುತ್ತದೆ, ಮುಂಬಯಿಯ ಮಳೆಗಾಲದಲ್ಲಿ ಹೊದಿಕೆಗೆ ಬೂಷ್ಟು ಹಿಡಿಯುತ್ತದೆ.

ಈ ಸಂಗೀತ ನಮ್ಮ ನಾಡಿಗೆ ಪೂರ್ತಿ ಹೊರಗಿನದೂ ಅಲ್ಲ. ಮುಂಬಯಿಯ ತಾಜ್ ಮಹಲ್ ಹೋಟೆಲಿನಲ್ಲಿ ೧೯೩೦ರ ದಶಕದಲ್ಲಿ ಅಮೆರಿಕದ ಕರಿಯ ವಾದಕರು ನುಡಿಸುತ್ತಿದ್ದರು. ಕ್ರಿಕೆಟ್ ಸ್ಮಿತ್ ೧೯೩೬ರಲ್ಲಿ ಈ ನಗರದಲ್ಲಿಯೇ ‘ತಾಜ್ ಮಹಲ್ ಫಾಕ್ಸ್‌ಟ್ರಾಟ್’ ಎಂಬ ತಟ್ಟೆಗೆ ನುಡಿಸಿದನು. ಪಿಯಾನೋ ವಾದಕ ಟೆಡ್ಡಿ ವೆದರ್ಫರ್ಡ್ ಕಲ್ಕತ್ತೆಯಲ್ಲಿ ಹಲವು ತಟ್ಟೆಗಳನ್ನು ಮಾಡಿ, ೧೯೪೫ರಲ್ಲಿ ಅಲ್ಲಿಯೇ ತೀರಿಕೊಂಡನು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಮೇಳ ಗಾಯಕಿ ಆರ್. ಎ. ರಮಾಮಣಿಯವರೊಡನೆ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋನ ಜತೆಗೂಡಿ ನೀಡಿದ ‘ಜ್ಯೋತಿ’ ೧೯೮೩ರ ವಿನೈಲ್ ತಟ್ಟೆ.

ಪ್ಯಾರಿಸಿನ ಚಾರ್ಲ್ಸ್ ಡೆಲೋನೇ ೧೯೩೬ರಲ್ಲಿ ಜಾಜ್ ತಟ್ಟೆಗಳ ಸೂಚಿಯೊಂದನ್ನು ಪ್ರಕಟಿಸಿ ವಾದಕರ ಹೆಸರು, ತಾರೀಖು, ಸಂಖ್ಯೆಗಳನ್ನು ಕ್ರಮಪಡಿಸಿದನು. ಚೀಟಿಯ ಮೇಲೆ ಹೆಸರೇ ಇಲ್ಲದ ಎಷ್ಟೋ ವಾದಕರನ್ನು ಗುರುತಿಸಿ ಅವರ ನುಡಿಕೆಯನ್ನು ಅವರದೆಂದು ಸ್ಥಾಪಿಸಿದ್ದು ಇಂಥ ಸಂಗ್ರಾಹಕರ ದುಡಿಮೆ. ನಮ್ಮ ನಗರಗಳ ಹಳೆಯ ಮನೆಗಳಲ್ಲಿಯೂ ತಟ್ಟೆಗಳ ಪೆಟ್ಟಿಗೆಗಳಿರಬಹುದು. ಅವನ್ನು ಗುಜರಿಗೆ ಹಾಕುವ ಮುನ್ನ ಚೀಟಿಯನ್ನೂ ನುಣುಪು ಪಟ್ಟಿಯ ಅಂಕೆಗಳನ್ನೂ ಒಂದು ಹಾಳೆಯಲ್ಲಿ ಬರೆದಿಡಬೇಕೆಂದು ವಾಚಕರಲ್ಲಿ ವಿಜ್ಞಾಪನೆ.