ಮನೆಗೆ ನುಗ್ಗಿದ ಮಳೆನೀರು ಮತ್ತು ನಮ್ಮ ಆರೋಗ್ಯ

ಬೆಂಗಳೂರಿನ ನಡುವೆ ಹೇಳಿಕೊಳ್ಳುವಂತಹ ದೊಡ್ಡ ನದಿಯಿಲ್ಲ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರು ಇದು. ಆದರೂ ಒಂದೆರಡು ಗಂಟೆ ಗುಡುಗು ಸಹಿತ ಜೋರು ಮಳೆ ಬಿದ್ದರೆ ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರಗಳ ತಗ್ಗು ಭಾಗದಲ್ಲಿ ಮನೆಯೊಳಗೆ ನೀರು ಬರುತ್ತದೆ. ಹೀಗೆ ನೀರು ಬಂದುಹೋದ ಮನೆಯವರು ಜ್ವರ, ಭೇದಿ, ಕಾಮಾಲೆಯೆಂದು ಆಸ್ಪತ್ರೆಗೆ ಬರುವುದು ಸಾಮಾನ್ಯವಾಗಿ ಮರುದಿನವಲ್ಲ. ಒಂದು ವಾರ, ಎರಡು ವಾರ, ಕೆಲವೊಮ್ಮೆ ಒಂದು ತಿಂಗಳ ನಂತರ. ಅಷ್ಟರಲ್ಲಿ ನೆಲ ಒಣಗಿರುತ್ತದೆ, ನೀರು ಬಂದದ್ದು ಮರೆತೂ ಹೋಗಿರುತ್ತದೆ. ಅದನ್ನು ವೈದ್ಯರಿಗೆ ಹೇಳಬೇಕೆಂದು ತೋಚುವುದಿಲ್ಲ. ಹೇಳಿದರೆ ರೋಗ ಗುರುತಿಸುವುದು ಎಷ್ಟೋ ಸುಲಭವಾಗುತ್ತದೆ.

ಈ ನೀರು ಎಂತಹುದು?

ಬಸವನಗುಡಿ, ಜಯನಗರಗಳ ದಿಣ್ಣೆ ಮಳೆನೀರನ್ನು ಎರಡು ಕಡೆಗೆ ಹಂಚುತ್ತದೆ. ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿತೆಂದು ಹಿರಿಯರು ಹೇಳುವ ವೃಷಭಾವತಿ ಇಂದು ಹೆಚ್ಚಾಗಿ ಕೊಳಚೆಯನ್ನೇ ಹೊತ್ತು ಹರಿಯುತ್ತಿದೆ. ಪೂರ್ವಕ್ಕೆ ಇಳಿದ ನೀರು ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು ಕೆರೆಗಳ ದಾರಿ ಹಿಡಿದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಈ ದಾರಿಯ ಮೇಲೆಯೇ ಬಡಾವಣೆಗಳು ಎದ್ದಿವೆ. ಬಿ.ಟಿ.ಎಂ. ಎಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ. ‘ಸಂದ್ರ’ ಎಂಬುದು ಸಮುದ್ರದಿಂದ ಬಂದದ್ದು. ಹಿಂದೆ ದೊಡ್ಡ ಕೆರೆಗೆ ಸಮುದ್ರವೆನ್ನುತ್ತಿದ್ದರು. ಊರಿನ ಹೆಸರೇ ನೀರಿನ ವಿಳಾಸ ಹೇಳುತ್ತಿರುವಾಗ ಮಳೆಯನ್ನು ದೂರಿ ಪ್ರಯೋಜನವಿಲ್ಲ.

ಲೆಕ್ಕ ಹಾಕಿ ನೋಡಿ. 30x40 ನಿವೇಶನದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 11,000 ಲೀಟರ್ ನೀರು. ಹಿಂದೆ ಅದರಲ್ಲಿ ಬಹುಪಾಲು ಮಣ್ಣಿಗೆ ಇಂಗುತ್ತಿತ್ತು. ಈಗ ಅಂಗಳಕ್ಕೂ ಸಿಮೆಂಟು, ರಸ್ತೆಗೂ ಡಾಂಬರು. ಎಷ್ಟೋ ಮನೆಗಳಲ್ಲಿ ತಾರಸಿಯ ನೀರನ್ನು ಒಳಚರಂಡಿಯ ಚೇಂಬರಿಗೇ ಬಿಟ್ಟಿರುತ್ತಾರೆ. ಮನೆಯ ಕೊಳಚೆಗೆಂದು ಹಾಕಿದ ಕೊಳವೆ ಈ ಹೊರೆ ತಾಳದೆ ಹಿಮ್ಮೆಟ್ಟುತ್ತದೆ. ರಸ್ತೆಯ ಮ್ಯಾನ್‌ಹೋಲ್ ಉಕ್ಕುತ್ತದೆ, ನೆಲಮಹಡಿಯ ಬಚ್ಚಲಿನ ಜಾಲರಿಯಿಂದ ಕಪ್ಪು ನೀರು ಮೇಲೇಳುತ್ತದೆ. ಹಾಗಾಗಿ ಮನೆಗೆ ಬಂದದ್ದು ಬರಿಯ ಮಳೆನೀರಲ್ಲ. ಅದರಲ್ಲಿ ಮಲಮೂತ್ರವಿದೆ, ಚರಂಡಿಯ ಇಲಿ ಹೆಗ್ಗಣಗಳ ಮೂತ್ರವಿದೆ. ನೋಡಲು ತಿಳಿಯಾಗಿದ್ದರೂ ಇದನ್ನು ಕೊಳಚೆಯೆಂದೇ ತಿಳಿಯಬೇಕು.

ಮೊದಲ ಅಪಾಯ ವಿದ್ಯುತ್

2025ರ ಮೇ 18ರ ಭಾನುವಾರ ರಾತ್ರಿ ಸುರಿದ ಮಳೆ ಬೆಂಗಳೂರಿನಲ್ಲಿ 100 ಮಿಲಿಮೀಟರ್ ದಾಟಿತು. ಮರುದಿನ ಸಂಜೆ ಬಿ.ಟಿ.ಎಂ. ಎರಡನೇ ಹಂತದ ಒಂದು ವಸತಿ ಸಮುಚ್ಚಯದಲ್ಲಿ ನೆಲಮಾಳಿಗೆಯ ನೀರನ್ನು ಮೋಟಾರಿನಿಂದ ಹೊರಹಾಕುವಾಗ ವಿದ್ಯುತ್ ಹರಿದು ಒಬ್ಬ ಹಿರಿಯರೂ 12 ವರ್ಷದ ಬಾಲಕನೂ ಪ್ರಾಣ ಕಳೆದುಕೊಂಡರು. ಮಳೆ ನಿಂತು ಎಷ್ಟೋ ಗಂಟೆಗಳಾಗಿದ್ದವು. ನೀರು ಏರುತ್ತಿರುವಾಗ ಜನ ಹೆದರಿ ದೂರವಿರುತ್ತಾರೆ. ಮಳೆ ನಿಂತ ಮೇಲೆ ಎಚ್ಚರ ತಪ್ಪುತ್ತದೆ.

ಒಣ ನೆಲದಲ್ಲಿ ನಿಂತು ಮೇನ್ ಸ್ವಿಚ್ ತೆಗೆಯಲು ಸಾಧ್ಯವಿದ್ದರೆ ಮಾತ್ರ ತೆಗೆಯಿರಿ. ಅದರ ಬಳಿಯೇ ನೀರು ನಿಂತಿದ್ದರೆ ಹತ್ತಿರ ಹೋಗದೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ. ಕರೆಂಟು ಹೋಗಿದೆ, ಭಯವಿಲ್ಲ ಎಂದುಕೊಳ್ಳಬೇಡಿ. ಮನೆಯ ಯು.ಪಿ.ಎಸ್. ಆಗಲೂ ಕರೆಂಟು ಕೊಡುತ್ತಲೇ ಇರುತ್ತದೆ. ನೆನೆದ ಸಂಪು ಮೋಟಾರು, ಫ್ರಿಜ್, ವಾಷಿಂಗ್ ಮೆಷಿನ್‌ಗಳನ್ನು ಎಲೆಕ್ಟ್ರಿಷಿಯನ್ ನೋಡುವವರೆಗೆ ಹಾಕಬಾರದು. ಮಕ್ಕಳು ನೆಲಮಾಳಿಗೆಗೆ ಇಳಿಯಲೇಬಾರದು.

ಯಾರಿಗಾದರೂ ಶಾಕ್ ಹೊಡೆದರೆ ಮುಟ್ಟಲು ಓಡಬೇಡಿ. ಮೊದಲು ಕರೆಂಟು ತಪ್ಪಿಸಿ. ಉಸಿರಾಟ ಇಲ್ಲದಿದ್ದರೆ 108ಕ್ಕೆ ಫೋನು ಮಾಡಿಸುತ್ತಲೇ ಎದೆಯ ಮಧ್ಯಭಾಗವನ್ನು ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಿ.

ನಂತರ ನೋಡಬೇಕಾದದ್ದು ಸಂಪು

ನೆಲ ತೊಳೆದು ಫಿನಾಯಿಲ್ ಹಾಕಿದರೆ ಮನೆ ಶುದ್ಧವಾಯಿತೆಂದು ಬಹಳ ಜನ ಭಾವಿಸುತ್ತಾರೆ. ನಮ್ಮ ಭಾಗದ ಮನೆಗಳಲ್ಲಿ ಕಾವೇರಿ ನೀರು ಮೊದಲು ಬೀಳುವುದು ನೆಲದೊಳಗಿನ ಸಂಪಿಗೆ. ಅದರ ಮುಚ್ಚಳ ನೆಲಕ್ಕೆ ಸಮವಾಗಿರುವುದೇ ಹೆಚ್ಚು. ಅಂಗಳದಲ್ಲಿ ಅರ್ಧ ಅಡಿ ಕೊಳಚೆ ನಿಂತರೆ ಸಂಪಿನೊಳಗೆ ಇಳಿಯಿತೆಂದೇ ಅರ್ಥ. ಅದೇ ನೀರು ಮೋಟಾರಿನಿಂದ ತಾರಸಿಯ ಟ್ಯಾಂಕಿಗೆ ಏರಿ, ಎರಡನೇ ಮಹಡಿಯ ಬಾಡಿಗೆದಾರರ ನಲ್ಲಿಗೂ ಬರುತ್ತದೆ. ನೀರು ನುಗ್ಗಿದ್ದು ಕೆಳಗಿನ ಮನೆಗೆ, ಭೇದಿ ಶುರುವಾದದ್ದು ಮೇಲಿನ ಮನೆಯಲ್ಲಿ ಎಂದಾಗುವುದು ಹೀಗೆ.

ಸಂಪನ್ನು ಪೂರ್ತಿ ಖಾಲಿ ಮಾಡಿ ಕೆಸರು ತೆಗೆಸಿ, ಗೋಡೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ಉಜ್ಜಿಸಿ ತೊಳೆಸಬೇಕು. ಮೇಲಿನ ಟ್ಯಾಂಕಿಗೂ ಹೀಗೆಯೇ. ಆದರೆ ಸಂಪಿನೊಳಗೆ ಇಳಿಯುವವರ ಜೀವದ ವಿಚಾರ ಮರೆಯಬಾರದು. ಕೊಳಚೆ ನಿಂತ ಸಂಪಿನಲ್ಲಿ ಉಸಿರಾಡುವ ಗಾಳಿ ಇಲ್ಲದೆ, ವಿಷಾನಿಲ ತುಂಬಿ, ಇಳಿದವರು ಕ್ಷಣದಲ್ಲಿ ಪ್ರಜ್ಞೆ ತಪ್ಪಬಹುದು. ಅವರನ್ನು ಎತ್ತಲು ಇಳಿದವರೂ ಬೀಳುತ್ತಾರೆ. ಸಾಧ್ಯವಾದರೆ ಮೇಲಿನಿಂದಲೇ ಪಂಪು ಮತ್ತು ಉದ್ದ ಹಿಡಿಯ ಬ್ರಷ್‌ನಿಂದ ಶುದ್ಧಿ ಮಾಡಿಸಿ, ಇಲ್ಲವೇ ಈ ಕೆಲಸಕ್ಕೆ ತಕ್ಕ ಸಲಕರಣೆ ಇರುವವರನ್ನು ಕರೆಸಿ. ಮನೆಗೆಲಸದವರನ್ನೋ ಕಾವಲುಗಾರರನ್ನೋ ಇಳಿಸಬೇಡಿ. ಬ್ಲೀಚಿಂಗ್ ಪುಡಿಯ ಜೊತೆ ಆಸಿಡ್ ಬೆರೆಸಬಾರದು. ಎದ್ದ ಹೊಗೆ ಶ್ವಾಸಕೋಶವನ್ನು ಸುಡುತ್ತದೆ.

ಹೊಸ ನೀರು ತುಂಬಿಸಿದ ಮೇಲೆ 1,000 ಲೀಟರಿಗೆ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು, ಹೊಸ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನು ಮಾತ್ರ ಸಂಪಿಗೆ ಹಾಕಿ. ಒಂದು ಗಂಟೆ ಬಿಟ್ಟು ಬಳಸಬಹುದು. ಕುಡಿಯುವ ನೀರನ್ನು ಕೆಲವು ವಾರ ಚೆನ್ನಾಗಿ ಕುದಿಸಿಯೇ ಕುಡಿಯಿರಿ. ಫಿಲ್ಟರ್ ಇದೆಯೆಂದು ಕುದಿಸುವುದನ್ನು ಬಿಡಬಾರದು.

ಭೇದಿ ಶುರುವಾದರೆ ಓ.ಆರ್.ಎಸ್. ಪೊಟ್ಟಣ ತನ್ನಿ. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು ಬೆರೆಸಿ ಕೊಡಿ.

ಎರಡು ವಾರದ ನಂತರ ಬರುವ ಜ್ವರ

ಇಲಿ ಜ್ವರದ ರೋಗಾಣು ಇಲಿಯ ಮೂತ್ರದಿಂದ ನೀರಿಗೆ ಸೇರಿ, ಕಾಲಿನ ಬಿರುಕು, ತರಚು ಗಾಯ ಅಥವಾ ಕಣ್ಣಿನ ಮೂಲಕ ದೇಹವನ್ನು ಸೇರುತ್ತದೆ. ಬಹುಪಾಲು ಜನರಿಗೆ 5ರಿಂದ 14 ದಿನಗಳ ನಂತರ ಚಳಿ ಜ್ವರ, ತೀವ್ರ ತಲೆನೋವು, ಕೆಂಗಣ್ಣು ಕಾಣಿಸುತ್ತದೆ. ಮೀನಖಂಡ ಮುಟ್ಟಿದರೆ ಸಹಿಸಲಾಗದಷ್ಟು ನೋವು ಇದರ ವಿಶೇಷ ಲಕ್ಷಣ. ಬೇಗ ಬಂದರೆ ಸಾಮಾನ್ಯ ಔಷಧಿಗಳಿಂದಲೇ ಗುಣವಾಗುತ್ತದೆ. ತಡವಾದರೆ ಕಾಮಾಲೆ, ಮೂತ್ರಪಿಂಡದ ವೈಫಲ್ಯ, ಶ್ವಾಸಕೋಶದಲ್ಲಿ ರಕ್ತಸ್ರಾವದವರೆಗೂ ಹೋಗಬಹುದು. ಮೊದಲ ವಾರದಲ್ಲಿ ರಕ್ತಪರೀಕ್ಷೆ ಈ ರೋಗವನ್ನು ತೋರಿಸದೆಯೂ ಇರಬಹುದು. ಆಗ ವೈದ್ಯರಿಗೆ ದಾರಿ ತೋರಿಸುವುದು ‘ಮನೆಗೆ ನೀರು ನುಗ್ಗಿತ್ತು, ನಾನೇ ಗುಡಿಸಿ ಹಾಕಿದೆ’ ಎಂಬ ನಿಮ್ಮ ಒಂದು ಮಾತು. ಡೆಂಗ್ಯೂ ಕೂಡ ಇದೇ ಸಮಯದಲ್ಲಿ ಬರುತ್ತದೆ, ಲಕ್ಷಣಗಳೂ ಹೋಲುತ್ತವೆ. ಆದ್ದರಿಂದ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬೇಡಿ. ಮುಂಜಾಗ್ರತೆಗೆಂದು ಆಂಟಿಬಯಾಟಿಕ್ ಅನ್ನೂ ನೀವೇ ತೆಗೆದುಕೊಳ್ಳಬಾರದು. ಅದು ಎಲ್ಲರಿಗೂ ಹೊಂದುವುದಿಲ್ಲ.

ಸಕ್ಕರೆ ಕಾಯಿಲೆ ಇರುವವರು ಕೊಳಚೆಗೆ ಬರಿಗಾಲಿನಲ್ಲಿ ಇಳಿಯಬಾರದು. ಕಾಲಿನ ಸ್ಪರ್ಶ ಕಡಿಮೆಯಾಗಿರುವುದರಿಂದ ಗಾಜು ಚುಚ್ಚಿದರೂ ತಿಳಿಯದು. ಗಂಬೂಟು ಇಲ್ಲದಿದ್ದರೆ ಗುಡಿಸುವ ಕೆಲಸ ಬೇರೆಯವರಿಗೆ ಬಿಡಿ. ಗಾಯವಾದವರು ಸಾಬೂನಿನಿಂದ ತೊಳೆದು ಟಿ.ಟಿ. ಚುಚ್ಚುಮದ್ದಿನ ಬಗ್ಗೆ ವಿಚಾರಿಸಿ. ನೀರಿನಲ್ಲಿ ನೆನೆದ ಮಾತ್ರೆ, ಇನ್ಸುಲಿನ್ ಬಳಸಬೇಡಿ. ಗರ್ಭಿಣಿಯರ ಕಣ್ಣು ಅಥವಾ ಮೂತ್ರ ಹಳದಿಯಾದರೆ ಅದೇ ದಿನ ಕರೆತನ್ನಿ. ಕೊಳಚೆ ನೀರಿನಿಂದ ಬರುವ ಒಂದು ಬಗೆಯ ಕಾಮಾಲೆ ಗರ್ಭದ ಕೊನೆಯ ತಿಂಗಳುಗಳಲ್ಲಿ ಬಹಳ ಅಪಾಯಕಾರಿ.

ಆಸ್ಪತ್ರೆಗೆ ಬರುವಾಗ ನೀರು ನುಗ್ಗಿದ ದಿನಾಂಕ, ಜ್ವರ ಶುರುವಾದ ದಿನಾಂಕ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ತನ್ನಿ. ಈಗಾಗಲೇ ನುಂಗಿದ ಮಾತ್ರೆಗಳ ಖಾಲಿ ಪಟ್ಟಿಯನ್ನೂ ತನ್ನಿ. ಅದೇ ಸಂಪಿನ ನೀರು ಬಳಸುವ ಬೇರೆ ಮನೆಗಳಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿಕೊಂಡೇ ಹೊರಡಿ.