ಈಜುಗೊಳ ಗುಡಿಸುವ ಯಂತ್ರ: ಆರೈಕೆ ಮತ್ತು ದೋಷಪರಿಹಾರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಮಕ್ಕಳು ತಲೆಮಾರುಗಳಿಂದ ಈಜು ಕಲಿತದ್ದು ತೋಟದ ಭಾವಿಗಳಲ್ಲಿ, ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಮಡುಗಳಲ್ಲಿ. ಹರಿಯುವ ಹೊಳೆ ತನ್ನ ಕಸವನ್ನು ತಾನೇ ಸಾಗಿಸುತ್ತದೆ. ಕಟ್ಟಿದ ಈಜುಗೊಳಕ್ಕೆ ಆ ಭಾಗ್ಯವಿಲ್ಲ. ಅದರ ತಳವನ್ನು ಯಾರಾದರೂ ಗುಡಿಸಲೇಬೇಕು. ಈಗ ಮನೆಯಂಗಳದಲ್ಲಿಯೂ ಶಾಲೆಯ ಆವರಣದಲ್ಲಿಯೂ ಈಜುಗೊಳ ಕಟ್ಟಿಸುವವರಿದ್ದಾರೆ. ಆದುದರಿಂದ ತಳ ಗುಡಿಸುವ ಸ್ವಯಂಚಾಲಿತ ಯಂತ್ರದ ಆರೈಕೆಯನ್ನು ಕುರಿತು ನಾಲ್ಕು ಮಾತು ಹೇಳುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಬೆಲ್ಜಿಯನ್ ಕಾಂಗೋದಿಂದ ಬಂದು ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ ಫರ್ಡಿನಾಂಡ್ ಶೋವಿಯೆ ಎಂಬ ಜಲಯಂತ್ರ ತಜ್ಞರು 1974ರಲ್ಲಿ ‘ಕ್ರೀಪಿ ಕ್ರಾಲಿ’ ಎಂಬ ಹೆಸರಿನ ಇಂಥ ಯಂತ್ರವನ್ನು ಸಿದ್ಧಪಡಿಸಿದರು. ಇದಕ್ಕೆ ಸ್ವಂತ ಮೋಟಾರು ಇಲ್ಲ. ಕೊಳದ ನೀರನ್ನು ಸೋಸುವ ಪಂಪಿಗೆ ಉದ್ದನೆಯ ಕೊಳವೆಯ ಮೂಲಕ ಇದನ್ನು ಜೋಡಿಸುತ್ತಾರೆ. ಪಂಪು ನೀರನ್ನು ಎಳೆದಾಗ ಯಂತ್ರದೊಳಗಿನ ರಬ್ಬರಿನ ಪರದೆ ಮಿಡಿಯತೊಡಗುತ್ತದೆ. ಆ ಮಿಡಿತದ ಬಲದಿಂದಲೇ ಯಂತ್ರವು ತಳದ ಮೇಲೆ ಹರಿದಾಡುತ್ತ ಕಸವನ್ನು ಹೀರುತ್ತದೆ. ದಪ್ಪ ಕಸ ಪಂಪಿನ ಬುಟ್ಟಿಯಲ್ಲಿ ಉಳಿದರೆ, ಸಣ್ಣ ಕಸ ಮರಳಿನ ಫಿಲ್ಟರಿನಲ್ಲಿ ತಡೆಯಲ್ಪಡುತ್ತದೆ.

ಹೊಳೆದಂಡೆಯಲ್ಲಿ ಪಂಪಸೆಟ್ಟು ಕೂಡಿಸಿ ಕಬ್ಬಿಗೆ ನೀರು ಹಾಯಿಸುವ ನಮ್ಮ ರೈತನಿಗೆ ಇದರಲ್ಲಿ ಹೊಸದೇನೂ ಇಲ್ಲ. ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ಆಡುಮಾತಿನಲ್ಲಿ ಹೇಳಿದರೂ, ವಾಸ್ತವದಲ್ಲಿ ನೀರನ್ನು ಒಳಕ್ಕೆ ನೂಕುವುದು ಹೊರಗಿನ ಗಾಳಿಯ ಒತ್ತಡ. ಇಟಲಿಯ ಟೊರಿಚೆಲ್ಲಿ 17ನೆಯ ಶತಮಾನದಲ್ಲಿಯೇ ಇದನ್ನು ತೋರಿಸಿಕೊಟ್ಟನು. ಕೊಳವೆಯಲ್ಲಿ ಒಂದು ಸೂಜಿಯ ರಂಧ್ರವಿದ್ದರೂ ನೀರಿಗೆ ಬದಲು ಗಾಳಿ ಒಳನುಗ್ಗುತ್ತದೆ. ಪಂಪು ‘ಏರ್ ಹಿಡಿಯಿತು’ ಎಂದು ರೈತನು ಫುಟ್‌ವಾಲ್ವನ್ನೂ ಜೋಡಣೆಗಳನ್ನೂ ನೋಡಲು ಹೊರಡುತ್ತಾನೆ. ಈಜುಗೊಳದ ಯಂತ್ರ ನಿಂತಾಗಲೂ ಹೀಗೆಯೇ ನೋಡಬೇಕು. ದೋಷ ಹೆಚ್ಚಾಗಿ ಯಂತ್ರದಲ್ಲಿರುವುದಿಲ್ಲ. ನೀರು ಬರುವ ದಾರಿಯಲ್ಲಿ ಇರುತ್ತದೆ.

ಮೊದಲು ನಿತ್ಯದ ಆರೈಕೆ. ಯಂತ್ರವನ್ನು ಇಳಿಸುವ ಮುನ್ನ ಎಲೆ, ಕಡ್ಡಿಗಳನ್ನು ಬಲೆಯಿಂದ ತೆಗೆದು, ಪಂಪಿನ ಬುಟ್ಟಿಯನ್ನು ಬರಿದು ಮಾಡಬೇಕು. ಕೊಳವೆಯನ್ನು ನೆಟ್ಟಗೆ ನೀರಿನಲ್ಲಿ ಮುಳುಗಿಸಿ, ಒಳಗಿನ ಗಾಳಿಯೆಲ್ಲ ಹೋದ ಮೇಲೆಯೇ ಜೋಡಿಸಬೇಕು. ಕಬ್ಬಿನ ಹಂಗಾಮಿನಲ್ಲಿ ರವದಿ ಸುಟ್ಟ ಕರಿ ಗಾಳಿಯಲ್ಲಿ ಹಾರಿಬಂದು ನೀರಿನ ಮೇಲೆ ಬೀಳುತ್ತದೆ. ಬೇಸಿಗೆಯಲ್ಲಿ ಅಥಣಿಯ ಕಡೆ ಧೂಳಿನ ಕಾಟ. ಇಂಥ ದಿನಗಳಲ್ಲಿ ಫಿಲ್ಟರಿನ ಒತ್ತಡಮಾಪಕವನ್ನು ಗಮನಿಸುತ್ತಿರಬೇಕು. ಶುಚಿಯಾಗಿದ್ದಾಗ ಇದ್ದ ಅಂಕಿಗಿಂತ 8ರಿಂದ 10 ಪಿ.ಎಸ್.ಐ. ಏರಿದರೆ, ನೀರನ್ನು ಹಿಮ್ಮುಖವಾಗಿ ಹಾಯಿಸಿ ಮರಳನ್ನು ತೊಳೆಯಬೇಕು.

ಯಂತ್ರ ನಿಧಾನವಾದರೆ ಅಥವಾ ನಿಂತರೆ, ಕೊಳಕ್ಕೆ ನೀರು ಮರಳುವ ಬಾಯಿಯನ್ನು ನೋಡಿರಿ. ಅಲ್ಲಿ ಗುಳ್ಳೆಗಳು ಬರುತ್ತಿದ್ದರೆ ಎಲ್ಲಿಯೋ ಗಾಳಿ ಸೇರುತ್ತಿದೆ. ನೀರಿನ ಮಟ್ಟವು ಗೋಡೆಯಲ್ಲಿ ನೀರನ್ನು ಎಳೆದುಕೊಳ್ಳುವ ಕಿಂಡಿಯ ನಡುಭಾಗಕ್ಕಿಂತ ಕೆಳಗಿಳಿದಿದೆಯೇ, ಪಂಪಿನ ಮುಚ್ಚಳದ ರಬ್ಬರ್ ಬಳೆ ಒಣಗಿ ಬಿರಿದಿದೆಯೇ, ಕೊಳವೆ ಸೀಳಿದೆಯೇ ಎಂದು ಕ್ರಮವಾಗಿ ಪರೀಕ್ಷಿಸಬೇಕು. ಹೊಳೆಯ ಪಂಪಿಗೆ ಸಗಣಿ ರಾಡಿ ಹೊಯ್ದು ಸೋರಿಕೆ ಮುಚ್ಚುವ ನಮ್ಮವರ ಉಪಾಯ ಇಲ್ಲಿ ಸಲ್ಲದು. ಹೊಸ ಬಳೆಯನ್ನೇ ಹಾಕಬೇಕು.

ಗುಳ್ಳೆ ಇಲ್ಲದಿದ್ದರೆ ದಾರಿ ಕಟ್ಟಿದೆಯೆಂದು ತಿಳಿಯಬೇಕು. ಪಂಪನ್ನು ನಿಲ್ಲಿಸಿ, ಯಂತ್ರವನ್ನು ಕೊಳವೆಯಿಂದ ಬಿಡಿಸಿ, ಕೊಳವೆಯ ತುದಿ ನೀರಿನಲ್ಲಿಯೇ ಇರುವಂತೆ ಮತ್ತೆ ಚಾಲೂ ಮಾಡಿರಿ. ತುದಿಯ ಬಳಿ ತೇಲಿಬಿಟ್ಟ ಎಲೆಯನ್ನು ಅದು ಬಲವಾಗಿ ಎಳೆದರೆ ಯಂತ್ರದ ಗಂಟಲಲ್ಲಿ ಹರಳು ಸಿಕ್ಕಿದೆ, ಇಲ್ಲವೇ ಪರದೆ ಹರಿದಿದೆ. ಎಳೆತ ಕ್ಷೀಣವಾಗಿದ್ದರೆ ಕೊಳವೆಯನ್ನೂ ಬಿಡಿಸಿ ಗೋಡೆಯ ಕಿಂಡಿಯಲ್ಲಿ ಹೀಗೆಯೇ ನೋಡಿರಿ: ಅಲ್ಲಿ ಎಳೆತ ಬಲವಾಗಿದ್ದರೆ ದೋಷ ಕೊಳವೆಯದು, ಅಲ್ಲಿಯೂ ಕ್ಷೀಣವಾಗಿದ್ದರೆ ಬುಟ್ಟಿ, ಫಿಲ್ಟರು ಅಥವಾ ಪಂಪಿನದು. ಪ್ರತಿಯೊಂದು ಜೋಡಣೆಯನ್ನೂ ಪಂಪು ನಿಲ್ಲಿಸಿಯೇ ಬಿಚ್ಚಬೇಕು. ಅಂಗೈಯನ್ನು ಎಂದಿಗೂ ಅಡ್ಡ ಹಿಡಿಯಬಾರದು.

ಯಂತ್ರ ಒಂದೇ ಮೂಲೆಯಲ್ಲಿ ಸುತ್ತುತ್ತಿದ್ದರೆ ಕೊಳವೆಗೆ ಸುರುಳಿಯ ರೂಢಿ ಬಿದ್ದಿದೆ. ಕೆಲಹೊತ್ತು ಬಿಸಿಲಲ್ಲಿ ನೆಟ್ಟಗೆ ಚಾಚಿಟ್ಟರೆ ಅದು ಸರಿಹೋಗುತ್ತದೆ. ಬಳಿಕ ಸುತ್ತದೆ ನೆರಳಿನಲ್ಲಿ ಉದ್ದಕ್ಕೆ ಇಡಬೇಕು. ಗೋಡೆ ಹತ್ತಿ ನೀರಿನ ಮೇಲೆ ಬಂದು ಗಾಳಿ ನುಂಗುತ್ತಿದ್ದರೆ ಎಳೆತ ಹೆಚ್ಚಾಗಿದೆ. ಕವಾಟವನ್ನು ತಿರುಗಿಸಿ ತಗ್ಗಿಸಬೇಕು. ಕ್ಲೋರಿನ್ನನ್ನು ಹೆಚ್ಚಿನ ಪ್ರಮಾಣದಲ್ಲಿ ಹಾಕುವ ದಿನ ಯಂತ್ರವನ್ನು ಹೊರಗೆ ತೆಗೆದಿಡಬೇಕು; ಇಲ್ಲವಾದರೆ ರಬ್ಬರು ಬೇಗ ಹಾಳಾಗುತ್ತದೆ.

ಪಾಲಕರು ಮನಗಾಣಬೇಕಾದ ಮುಖ್ಯ ಸಂಗತಿ ಇನ್ನೊಂದಿದೆ. ಕಸವನ್ನು ಎಳೆಯುವ ಬಲವೇ ಮಗುವನ್ನೂ ಹಿಡಿಯಬಲ್ಲದು. ಅಮೆರಿಕದಲ್ಲಿ 2002ರಲ್ಲಿ ಗ್ರೇಮ್ ಬೇಕರ್ ಎಂಬ 7 ವರ್ಷದ ಬಾಲಕಿ ಬಿಸಿನೀರ ತೊಟ್ಟಿಯ ತಳದ ಕಿಂಡಿಯ ಎಳೆತಕ್ಕೆ ಸಿಕ್ಕಿ ಅಸುನೀಗಿದಳು. ತಾಯಿಯ ಹೋರಾಟದ ಫಲವಾಗಿ 2007ರಲ್ಲಿ ಅವಳ ಹೆಸರಿನಲ್ಲಿಯೇ ಸುರಕ್ಷತೆಯ ಕಾಯದೆ ಬಂದಿತು. ಆದುದರಿಂದ ಯಂತ್ರ ನಡೆಯುತ್ತಿರುವಾಗ ಯಾರನ್ನೂ ನೀರಿಗಿಳಿಸಬಾರದು. ಕೊಳವೆ ಬಿಡಿಸಿದ ಕಿಂಡಿಯನ್ನು ತೆರೆದಿಡಬಾರದು. ಒಡೆದ ಜಾಳಿಗೆಯನ್ನು ಅಂದೇ ಬದಲಿಸಬೇಕು. ಪಂಪಿನ ಸ್ವಿಚ್ಚು ಎಲ್ಲಿದೆಯೆಂಬುದು ಮನೆಮಂದಿಗೆಲ್ಲ ಗೊತ್ತಿರಬೇಕು.

ತಳ ಗುಡಿಸುವ ಪ್ರಯೋಜನವೂ ಕೇವಲ ಚೆಲುವಿಗಾಗಿ ಅಲ್ಲ. ಕದಡಿದ ನೀರಿನಲ್ಲಿ ಮುಳುಗಿದ ಮಗು ದಂಡೆಯಲ್ಲಿ ನಿಂತವರ ಕಣ್ಣಿಗೆ ಬೀಳುವುದಿಲ್ಲ. ಅತ್ಯಂತ ಆಳದಲ್ಲಿ ಬಿದ್ದ ಒಂದು ನಾಣ್ಯ ದಂಡೆಯಿಂದ ಕಾಣದಿದ್ದರೆ, ಆ ದಿನ ಮಕ್ಕಳನ್ನು ಇಳಿಸದೆ ಮೊದಲು ನೀರನ್ನು ಶುಚಿಗೊಳಿಸುವುದೇ ವಿವೇಕ.