ಚರ್ಮದ ಅವಸರಕ್ಕೆ ಬೆಳಕಿನ ಅಂಕುಶ

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಒಂದೊಂದು ಉಪಕರಣಕ್ಕೂ ಇಬ್ಬರು ವಿದ್ಯಾರ್ಥಿಗಳನ್ನು ನಿಲ್ಲಿಸುವುದು ವಾಡಿಕೆ. ಒಮ್ಮೆ ಒಬ್ಬ ವಿದ್ಯಾರ್ಥಿಯು ನಮ್ಮ ಬಳಿಗೆ ಬಂದು, “ಸಾರ್, ನನ್ನನ್ನು ಬೇರೆ ಮೇಜಿಗೆ ಹಾಕಿ” ಎಂದು ಮೆಲುದನಿಯಲ್ಲಿ ಕೇಳಿಕೊಂಡನು. ವಿಚಾರಿಸಲಾಗಿ, ಜೊತೆಗಾರನ ಮೊಣಕೈಯಲ್ಲಿ ಕೆಂಪು ಮಚ್ಚೆಗಳಿವೆ, ಅವುಗಳಿಂದ ಬೆಳ್ಳಿಬಣ್ಣದ ಹೊಟ್ಟು ಉದುರುತ್ತದೆ, ಅದು ತನಗೂ ಅಂಟೀತೆಂದು ಭಯ ಎಂದನು. ಆ ಜೊತೆಗಾರನು ಬೇಸಗೆಯಲ್ಲಿಯೂ ತುಂಬುತೋಳಿನ ಅಂಗಿಯನ್ನೇ ತೊಡುತ್ತಿದ್ದುದರ ಅರ್ಥ ನಮಗೆ ಆಗ ತಿಳಿಯಿತು. ವೈದ್ಯರು ಅವನ ವ್ಯಾಧಿಯನ್ನು ಸೋರಿಯಾಸಿಸ್ ಎಂದು ಗುರುತಿಸಿದ್ದರು. ಅದು ಅಂಟುರೋಗವಲ್ಲ. ಇಬ್ಬರನ್ನೂ ಕೂರಿಸಿಕೊಂಡು ನಾವು ಹೇಳಿದುದನ್ನೇ ವಾಚಕರಿಗೂ ಹೇಳುತ್ತೇವೆ.

ಚರ್ಮದ ಹೊರಪದರದ ತಳದಲ್ಲಿ ಹೊಸ ಜೀವಕೋಶಗಳು ಸದಾ ಹುಟ್ಟುತ್ತಿರುತ್ತವೆ. ಅವು ಮೆಲ್ಲನೆ ಮೇಲೇರಿ, ಒಣಗಿ, ಕಣ್ಣಿಗೆ ಕಾಣದಂತೆ ಉದುರಿಹೋಗುತ್ತವೆ. ಈ ಪಯಣಕ್ಕೆ ಸುಮಾರು ನಾಲ್ಕು ವಾರಗಳು ಬೇಕು. ಸೋರಿಯಾಸಿಸ್ ಇರುವೆಡೆ ಅದೇ ಪಯಣವು ಒಂದು ವಾರದೊಳಗೆ ಮುಗಿಯುತ್ತದೆ. ಪಕ್ವವಾಗದ ಕೋಶಗಳು ಒಂದರ ಮೇಲೊಂದು ಪೇರಿಕೊಂಡು ಹೊಟ್ಟಾಗುತ್ತವೆ.

ಈ ಅವಸರಕ್ಕೆ ಕಾರಣವೇನು? ರೋಗಾಣುಗಳೊಡನೆ ಹೋರಾಡಬೇಕಾದ ಟಿ-ಕೋಶಗಳೆಂಬ ಬಿಳಿಯ ರಕ್ತಕಣಗಳು ಶತ್ರುವಿಲ್ಲದೆಡೆ ಕದನ ಹೂಡುತ್ತವೆ. ಅವು ಹೊರಸೂಸುವ ಇಂಟರ್‌ಲ್ಯೂಕಿನ್-17 ಮೊದಲಾದ ರಾಸಾಯನಿಕ ಸಂದೇಶಗಳು ಚರ್ಮದ ಕೋಶಗಳನ್ನು ಬೆಳೆಯುವಂತೆ ಪ್ರಚೋದಿಸುತ್ತವೆ. ಇದರ ಒಲವು ವಂಶವಾಹಿಗಳ ಮೂಲಕ ಬರುವುದುಂಟು. ಗಂಟಲಿನ ಸೋಂಕು, ಚರ್ಮಕ್ಕಾದ ಗಾಯ, ಮನಸ್ಸಿನ ಒತ್ತಡ, ಕೆಲವು ಔಷಧಿಗಳು ಅದನ್ನು ಕೆರಳಿಸುತ್ತವೆ. ಉದುರುವ ಹೊಟ್ಟಿನಿಂದಾಗಲಿ, ಕೈಕುಲುಕುವುದರಿಂದಾಗಲಿ ಮತ್ತೊಬ್ಬರಿಗೆ ಇದು ಬರುವಂತಿಲ್ಲ. ಆದರೂ ಹಿಂದೆ ಇದನ್ನು ಕುಷ್ಠವೆಂದೇ ಭ್ರಮಿಸಿ ರೋಗಿಗಳನ್ನು ದೂರವಿಡುತ್ತಿದ್ದರು. ಇವೆರಡೂ ಬೇರೆಬೇರೆ ಎಂಬುದನ್ನು ವಿಯೆನ್ನಾದ ವೈದ್ಯ ಫರ್ಡಿನಾಂಡ್ ಹೆಬ್ರಾ 1841ರಲ್ಲಿ ಸ್ಪಷ್ಟಪಡಿಸಿದನು. ಗ್ರಂಥದಲ್ಲಿ ತಿದ್ದಿದ ತಪ್ಪು ಜನಮನದಲ್ಲಿ ಇನ್ನೂ ಉಳಿದಿದೆ.

ಚಿಕಿತ್ಸೆಯಲ್ಲಿ ಭೌತವಿಜ್ಞಾನಕ್ಕೂ ಒಂದು ಪಾಲುಂಟು. ಅಮೆರಿಕದ ವೈದ್ಯ ಗೋಕರ್ಮನ್ 1925ರಲ್ಲಿ ಕಲ್ಲಿದ್ದಲಿನ ಟಾರನ್ನು ಲೇಪಿಸಿ ಅತಿನೇರಳೆ ಕಿರಣಗಳನ್ನು ಹಾಯಿಸುವ ಕ್ರಮವನ್ನು ಪ್ರಕಟಿಸಿದನು. ಆದರೆ ಯಾವ ತರಂಗದೂರದ ಕಿರಣಕ್ಕೆ ಈ ಗುಣ? 1981ರಲ್ಲಿ ಪ್ಯಾರಿಷ್ ಮತ್ತು ಯೇನಿಕೆ ಎಂಬವರು ಒಂದೊಂದನ್ನೇ ಬೇರ್ಪಡಿಸಿ ಪರೀಕ್ಷಿಸಿದರು. 290 ನ್ಯಾನೊಮೀಟರ್ ಮತ್ತು ಅದಕ್ಕಿಂತ ಕಿರಿದಾದವು ಚರ್ಮವನ್ನು ಸುಟ್ಟರೂ ಗುಣಪಡಿಸಲಿಲ್ಲ. 296ರಿಂದ 313ರವರೆಗಿನವು ಗುಣಪಡಿಸಿದವು. ಇದನ್ನನುಸರಿಸಿ 311 ನ್ಯಾನೊಮೀಟರಿನ ಸುತ್ತಲಿನ ಕಿರುಪಟ್ಟಿಯನ್ನೇ ಹೆಚ್ಚಾಗಿ ಬೀರುವ ದೀಪಗಳು ಬಳಕೆಗೆ ಬಂದವು. ಪಾದರಸದ ಆವಿಯ ಕಿರಣಗಳು ಕೊಳವೆಯ ಒಳಲೇಪವನ್ನು ತಾಕಿ ಈ ಬೆಳಕನ್ನು ಹೊಮ್ಮಿಸುತ್ತವೆ. ಅದು ಚರ್ಮದೊಳಗಿನ ಟಿ-ಕೋಶಗಳನ್ನು ಕುಗ್ಗಿಸುತ್ತದೆ.

ಹಾಗೆಂದು ಯಾರೂ ಬಿಸಿಲಿನಲ್ಲಿ ಮನಬಂದಷ್ಟು ಹೊತ್ತು ನಿಲ್ಲಬಾರದು. ಚರ್ಮ ಸುಟ್ಟರೆ ರೋಗ ಉಲ್ಬಣಿಸಬಹುದು. ಆಸ್ಪತ್ರೆಯಲ್ಲಿ ಕಣ್ಣಿಗೆ ರಕ್ಷಣೆ ಕೊಟ್ಟು, ಸೆಕೆಂಡುಗಳ ಲೆಕ್ಕದಲ್ಲಿ ಅಳೆದು, ವಾರಕ್ಕೆ ಎರಡು ಮೂರು ಬಾರಿ ಬೆಳಕು ಕೊಡುತ್ತಾರೆ. ಸೌಮ್ಯ ರೋಗಕ್ಕೆ ಸ್ಟೀರಾಯ್ಡ್ ಅಥವಾ ವಿಟಮಿನ್ ಡಿ ವರ್ಗದ ಮುಲಾಮುಗಳಿವೆ. ತೀವ್ರವಾದುದಕ್ಕೆ ಮೆಥೊಟ್ರೆಕ್ಸೇಟ್ ಮಾತ್ರೆಯೂ, ಇಂಟರ್‌ಲ್ಯೂಕಿನ್-17ನ್ನೇ ತಡೆಯುವ ಚುಚ್ಚುಮದ್ದುಗಳೂ ಇವೆ. ಕೆಲವರಲ್ಲಿ ಕೀಲುಗಳೂ ಬಾಧಿತವಾಗುವುದರಿಂದ, ಕೀಲುನೋವು ಕಂಡರೆ ವೈದ್ಯರಿಗೆ ತಿಳಿಸತಕ್ಕದ್ದು. ಬೇಗ ವಾಸಿಮಾಡುವೆವೆನ್ನುವವರ ಹೆಸರಿಲ್ಲದ ಗುಳಿಗೆಗಳಲ್ಲಿ ಸ್ಟೀರಾಯ್ಡ್ ಅಡಗಿದ್ದರೆ, ನಿಲ್ಲಿಸಿದೊಡನೆ ರೋಗವು ಇಮ್ಮಡಿಯಾಗಿ ಮರಳಬಹುದು.

“ಸಾರ್, ಇದು ಪೂರ್ತಿ ವಾಸಿಯಾಗುತ್ತದೆಯೇ?” ಎಂದು ತುಂಬುತೋಳಿನ ಹುಡುಗನು ಕೇಳಿದನು. ಬೇರುಸಹಿತ ಕೀಳುವ ಮದ್ದು ಇನ್ನೂ ದೊರೆತಿಲ್ಲ, ಆದರೆ ಅನೇಕರಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅದನ್ನು ಅಡಗಿಸಿಡಬಹುದು ಎಂದು ನಿಜವನ್ನೇ ಹೇಳಿದೆವು.

ಅಂದಿನ ಪ್ರಯೋಗ ಪಾದರಸ ದೀಪದ ರೋಹಿತವನ್ನು ಅಳೆಯುವುದಾಗಿತ್ತು. ಹುಡುಗನು ಅಂಗಿಯ ತೋಳನ್ನು ಮಡಿಚಿ ಸ್ಪೆಕ್ಟ್ರೋಮೀಟರಿನ ಮುಂದೆ ಕುಳಿತು ಅಳತೆಗಳನ್ನು ಓದತೊಡಗಿದನು. ಮೇಜು ಬದಲಿಸಲು ಬಂದವನು ಅವನ ಪಕ್ಕದಲ್ಲಿಯೇ ಕುಳಿತು ಬರೆದುಕೊಂಡನು.